ರೇಡಿಯೇಟರಿಗೆ ಬೋರ್ ನೀರು, ಜೇಬಿಗೆ ಬೆಂಕಿ!

ಬೀದರ, ಭಾಲ್ಕಿ, ಔರಾದ ಕಾರು ಮಾಲೀಕರ ಪಾಡು: 200 ರೂಪಾಯಿ ಉಳಿಸಿದವರ 31 ಸಾವಿರದ ಬಿಲ್ಲು

ಭಾಲ್ಕಿಯ ಕಿರಾಣಿ ವ್ಯಾಪಾರಿಯೊಬ್ಬರು ಮಗಳ ಕಾಲೇಜು ಫೀಸಿಗೆಂದು ಎತ್ತಿಟ್ಟಿದ್ದ ರೊಕ್ಕವನ್ನು ಬೇಸಿಗೆಯಲ್ಲಿ ಗ್ಯಾರೇಜಿಗೆ ಸುರಿದು ಬಂದರು. ಬರೋಬ್ಬರಿ 31 ಸಾವಿರ! ಕಾರಿಗೆ ಆಕ್ಸಿಡೆಂಟ್ ಆಗಿರಲಿಲ್ಲ. ಲಾರಿ ಗುದ್ದಿರಲಿಲ್ಲ. ಮದುವೆಗೆಂದು ಬೀದರಿಗೆ ಹೊರಟ ಗಾಡಿ ನಡುದಾರಿಯಲ್ಲಿ ಕುದಿಯಿತು, ಅಷ್ಟೇ.

ಕುದಿಯಲು ಕಾರಣ? ರೇಡಿಯೇಟರಿನ ಮುಚ್ಚಳ. ಅದರೊಳಗಿನ ರಬ್ಬರ್ ವಾಷರು ಬಿರುಕು ಬಿಟ್ಟಿತ್ತು. ಹೊಸ ಮುಚ್ಚಳಕ್ಕೆ ಅಂಗಡಿಯವನು ತೆಗೆದುಕೊಂಡದ್ದು 200 ರೂಪಾಯಿ. ಇಷ್ಟು ಸಣ್ಣ ಮುಚ್ಚಳ ಅಷ್ಟು ದೊಡ್ಡ ಗುಂಡಿ ತೋಡಿದ್ದು ಹೇಗೆ?

ಗಾಡಿ ಮೊದಲೇ ಹೇಳಿತ್ತು. ಹದಿನೈದು ದಿನದಿಂದ ಬೆಳಗಾದರೆ ಬಾನೆಟ್ ಒಳಗಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಇಳಿದಿರುತ್ತಿತ್ತು. ಇವರು ಮನೆಯ ಬೋರಿನ ನೀರನ್ನು ಬಾಟಲಿಯಲ್ಲಿ ತಂದು ಸುರಿಯುತ್ತಿದ್ದರು. ಅಂಗಡಿ ಬಾಗಿಲು ತೆರೆಯುವ ಹೊತ್ತು, ಗಿರಾಕಿ ಕಾದು ನಿಂತಿರುತ್ತಾರೆ. ಮಿಸ್ತ್ರಿ ಹತ್ತಿರ ಹೋಗಲು ಪುರುಸೊತ್ತೆಲ್ಲಿ?

ಎಂಜಿನ್ ಬಿಚ್ಚಿದ ಮೇಲೆ ಗ್ಯಾರೇಜಿನಲ್ಲಿ ನಡೆದ ಮಾತು ಹೀಗಿತ್ತಂತೆ:

‘ಸಾಹುಕಾರ್ರ, ಇದರಾಗ ಏನು ಹಾಕ್ಲತ್ತೀರಿ?’

‘ನೀರು ಹಾಕ್ಲತ್ತೀನಿ ಉಸ್ತಾದ್. ಮತ್ತೇನು, ಹಾಲು ಹಾಕ್ಬೇಕೇನು?’

‘ಎಲ್ಲಿಂದು ನೀರು?’

‘ನಮ್ಮ ಮನಿ ಬೋರಿಂದು. ನಾವೂ ಅದೇ ಕುಡೀತೀವಿ!’

‘ನೀವು ಕುಡೀರಿ. ಗಾಡಿಗಿ ಕುಡಿಸಬ್ಯಾಡ್ರಿ.’

ಚಹಾದ ಪಾತ್ರೆಯ ಸುಣ್ಣ

ಉಸ್ತಾದ್ ಹೇಳಿದ್ದು ತಮಾಷೆಗಲ್ಲ. ಬೋರಿನ ನೀರು ಕಾಯಿಸುವ ಮನೆಯಲ್ಲಿ ಚಹಾದ ಪಾತ್ರೆಯ ತಳ ನೋಡಿ. ಬಿಳಿ ಪದರ ಕಟ್ಟಿರುತ್ತದೆ. ಗೀಸರ್ ಬಿಚ್ಚಿದರೆ ಬೊಗಸೆಗಟ್ಟಲೆ ಸುಣ್ಣ ಉದುರುತ್ತದೆ. ಅದೇ ಸುಣ್ಣ ಎಂಜಿನ್ನಿನೊಳಗಿನ ಸಣ್ಣ ಸಣ್ಣ ನೀರಿನ ದಾರಿಗಳಲ್ಲೂ, ರೇಡಿಯೇಟರಿನ ಕಡ್ಡಿಯಂಥ ಕೊಳವೆಗಳಲ್ಲೂ ಕಟ್ಟುತ್ತದೆ. ನೀರು ಹರಿಯದಿದ್ದರೆ ಕಾವು ಹೊರಗೆ ಹೋಗುವುದೆಲ್ಲಿಂದ? ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ, ದೂರದೂರಿನವರು ಬಂದು ನೋಡಿ ಹೊಗಳುತ್ತಾರೆ. ಆ ನೀರನ್ನೂ ಎಂಜಿನ್ನಿಗೆ ಹಾಕುವಂತಿಲ್ಲ!

ಹಾಕಬೇಕಾದ್ದು ಕೂಲಂಟ್. ಹಸಿರೋ, ಕೆಂಪೋ, ನೀಲಿಯೋ, ಕಂಪನಿ ಹೇಳಿದ್ದು. ಒಂದರೊಳಗೆ ಇನ್ನೊಂದು ಬೆರೆಸಬಾರದು. ಕೆಲವು ಹಾಗೇ ಸುರಿಯುವಂಥವು, ಕೆಲವಕ್ಕೆ ನೀರು ಬೆರೆಸಬೇಕು. ಡಬ್ಬಿಯ ಮೇಲೆ ಬರೆದಿರುತ್ತದೆ. ಬೆರೆಸುವುದಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರೇ ಆಗಬೇಕು. ನಡುದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಸಿಕ್ಕಿದ ನೀರು ಹಾಕಿ ಮನೆ ಮುಟ್ಟಿಕೊಳ್ಳಿ, ಬೇಡ ಎನ್ನುವುದಿಲ್ಲ. ಮರುದಿನವೇ ಅದನ್ನು ತೆಗೆಸಿ.

ಇನ್ನು ಆ ಮುಚ್ಚಳದ ಮಹಿಮೆ. ಬೀದರ ಪಟ್ಟಣ ಇರುವುದು ಸಮುದ್ರಮಟ್ಟದಿಂದ 2,200 ಅಡಿಗೂ ಮೇಲೆ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗಿಂತ ಎರಡು ಡಿಗ್ರಿ ಮೊದಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಪ್ರೆಶರ್ ಕುಕ್ಕರಿನ ಸೀಟಿ ಇದ್ದಂತೆ. ಒಳಗೆ ಒತ್ತಡ ಹಿಡಿದಿಟ್ಟು, ಕೂಲಂಟ್ ಸುಮಾರು 120 ಡಿಗ್ರಿಯವರೆಗೆ ಕುದಿಯದಂತೆ ನೋಡಿಕೊಳ್ಳುತ್ತದೆ. ಮುಚ್ಚಳದ ವಾಷರು ಹೋಯಿತೋ, ಒತ್ತಡ ಹೋಯಿತು. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿದ ಬಿಸಿಲು, ಒಳಗೆ ಐದು ಮಂದಿ, ಮೇಲೆ ಏಸಿ. ಕುದಿಯದೆ ಏನು ಮಾಡೀತು?

ಕುದ್ದರೆ ಬರೀ ನೀರು ಹೋಗುವುದಿಲ್ಲ. ಈಗಿನ ಎಂಜಿನ್ನಿನ ಮೇಲ್ಭಾಗ, ಮಿಸ್ತ್ರಿಗಳು ‘ಹೆಡ್’ ಎನ್ನುವುದು, ಅಲ್ಯುಮಿನಿಯಂದು. ಕಾವು ಮಿತಿ ಮೀರಿದರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಸುಟ್ಟು ನೀರು ಎಣ್ಣೆಗೆ ಸೇರುತ್ತದೆ. ಭಾಲ್ಕಿ ವ್ಯಾಪಾರಿಯ ಗಾಡಿಯಲ್ಲಿ ಆಗಿದ್ದೂ ಇದೇ. ಎಣ್ಣೆ ನೋಡುವ ಕಡ್ಡಿ ಎಳೆದರೆ ಹಾಲು ಹಾಕಿದ ಚಹಾ! ಹೆಡ್ಡನ್ನು ಲೇತ್ ಮೇಲೆ ಹಾಕಿ ಸಮ ಮಾಡಿಸುವುದು, ಗ್ಯಾಸ್ಕೆಟ್, ಎಣ್ಣೆ, ಕೂಲಿ, ಗಾಡಿ ಎಳೆದುಕೊಂಡು ಬಂದವನ ಬಾಡಿಗೆ, ಎಲ್ಲ ಸೇರಿ 31 ಸಾವಿರ.

ಅದರಲ್ಲೂ ಒಂದಿಷ್ಟು ತಪ್ಪಿಸಬಹುದಿತ್ತು. ಮುಳ್ಳು ಮೇಲೇರಿದ ಕೂಡಲೇ ನಿಲ್ಲಿಸಿದ್ದರೆ ಗ್ಯಾಸ್ಕೆಟ್ ಉಳಿಯುತ್ತಿತ್ತೇನೋ. ‘ಇನ್ನೇನು ಬೀದರ ಬಂತು, ಮುಹೂರ್ತ ತಪ್ಪುತ್ತದೆ’ ಎಂದು ಹಿಂದೆ ಕೂತ ಹಿರಿಯರು ಅವಸರ ಮಾಡಿದರು. ಏಳೆಂಟು ಕಿಲೋಮೀಟರ್ ಕುದಿಯುತ್ತಲೇ ಓಡಿತು. ಮುಹೂರ್ತವಂತೂ ತಪ್ಪಿಯೇ ತಪ್ಪಿತು.

ಗಾಡಿ ಬಿಸಿಯಾದರೆ ಮೊದಲು ಏಸಿ ಬಂದ್ ಮಾಡಿ. ಹೀಟರ್ ಇದ್ದರೆ ಪೂರಾ ತಿರುವಿ. ಮೇ ತಿಂಗಳಲ್ಲಿ ಹೀಟರ್ ಹಚ್ಚಿದರೆ ಒಳಗಿದ್ದವರು ಬೈಯುತ್ತಾರೆ, ಬೈಯಲಿ. ಎಂಜಿನ್ನಿನ ಕಾವು ಒಂದಿಷ್ಟು ಆ ದಾರಿಯಿಂದಲೂ ಹೊರಬೀಳುತ್ತದೆ. ಬೇವಿನ ನೆರಳು ಸಿಕ್ಕಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕಮ್ಮಿ ಅಂದರೂ ಅರ್ಧ ಗಂಟೆ ಮುಚ್ಚಳ ಮುಟ್ಟಬೇಡಿ. ಬಿಸಿ ಮುಚ್ಚಳ ತಿರುವಿ ಮುಖ, ಕೈ ಸುಟ್ಟುಕೊಂಡವರಿದ್ದಾರೆ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಎರಚುವುದೂ ಬೇಡ, ಕಾದ ಹಂಚಿನ ಮೇಲೆ ನೀರು ಹಾಕಿದಂತಾದೀತು. ಈಗಿನ ಕೆಲವು ಸಣ್ಣ ಕಾರುಗಳಲ್ಲಿ ಕಾವು ತೋರಿಸುವ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಹಳದಿ ದೀಪ ಬಂದರೆ ನಿಧಾನಕ್ಕೆ ಮಿಸ್ತ್ರಿವರೆಗೆ ಹೋಗಬಹುದು. ಕೆಂಪು ದೀಪ ಬಂದರೆ ಅಲ್ಲೇ ನಿಲ್ಲಬೇಕು. ಅದರಲ್ಲೂ ಎಣ್ಣೆ ಡಬ್ಬಿಯ ಚಿತ್ರದ ಕೆಂಪು ದೀಪ ಉರಿದರೆ ಮುಂದಿನ ಊರಿನ ತನಕವೂ ಹೋಗುವಂತಿಲ್ಲ.

ಅಂಬಾಸಿಡರ್ ವಿದ್ಯೆ ಎಲ್ಲದಕ್ಕೂ ನಡೆಯದು

ನಮ್ಮ ಕಡೆಯ ಹಳೆಯ ಉಸ್ತಾದರ ಕೈಗುಣ ದೊಡ್ಡದು. ಸುಳ್ಳಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಒಂದು ತಂತಿ, ಒಂದು ಸಾಬೂನಿನ ತುಂಡು ಇದ್ದರೆ ಗಾಡಿಯನ್ನು ಹೈದರಾಬಾದ್ ಮುಟ್ಟಿಸುತ್ತಿದ್ದರು. ಪೆಟ್ರೋಲ್ ಟ್ಯಾಂಕಿಗೆ ತೂತು ಬಿದ್ದರೆ ಸಾಬೂನು ಮೆತ್ತಿದರಾಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಅದನ್ನೂ ಕಲಿತುಬಿಟ್ಟರು. 2014ರಲ್ಲಿ ಅಂಬಾಸಿಡರ್, ಮಾರುತಿ 800 ಎರಡರ ತಯಾರಿಯೂ ನಿಂತಿತು. ಆ ಗಾಡಿಗಳು ಹೋದವು, ಆ ವಿದ್ಯೆ ಮಾತ್ರ ಹೊಸ ಗಾಡಿಗಳ ಮೇಲೂ ನಡೆಯುತ್ತಿದೆ. ಇಲ್ಲೇ ತಕರಾರು.

ಥರ್ಮೋಸ್ಟಾಟ್ ಎಂಬ ಸಣ್ಣ ಕವಾಟ ಇರುತ್ತದೆ. ಎಂಜಿನ್ ತಕ್ಕಷ್ಟು ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಅದರ ಕೆಲಸ. ಹಿಂದೆ ಗಾಡಿ ಬಿಸಿಯಾದರೆ ಅದನ್ನು ಕಿತ್ತು ಎಸೆಯುತ್ತಿದ್ದರು. ‘ನಮ್ಮ ಬಿಸಿಲಿಗಿ ಇದು ಯಾಕ್ ಬೇಕ್ರಿ?’ ಎನ್ನುವುದು ಇವತ್ತಿಗೂ ಕೇಳಬರುವ ಮಾತು. ಈಗಿನ ಗಾಡಿಯಲ್ಲಿ ಕಂಪ್ಯೂಟರ್ ಇದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಅದು ಹೆಚ್ಚು ಹೆಚ್ಚು ಪೆಟ್ರೋಲ್ ಕುಡಿಸುತ್ತದೆ. ಮೈಲೇಜ್ ಬಿತ್ತು ಎಂದು ಮಾಲೀಕ ಪಂಪಿನವನನ್ನು ಬೈಯುತ್ತಾನೆ. ಪಾಪ, ಪಂಪಿನವನಿಗೇನು ಗೊತ್ತು?

ಹಾಗೆಂದು ಕಂಪನಿ ಷೋರೂಮೇ ಸ್ವರ್ಗ ಎಂದು ಈ ವರದಿಗಾರನ ಅಭಿಪ್ರಾಯವಲ್ಲ. ವಾರಂಟಿ ಇರುವ ತನಕ ಅಲ್ಲಿಗೇ ಹೋಗಬೇಕು. ವಾರಂಟಿ ಮುಗಿದ ಮೇಲೆ ಗಾಳಿ, ಎಣ್ಣೆ, ಬ್ರೇಕು, ಕ್ಲಚ್ಚು ಇವಕ್ಕೆಲ್ಲ ನಮ್ಮ ಓಣಿಯ ಉಸ್ತಾದನೇ ಸಾಕು. ದೀಪ ಉರಿದರೆ ಮಾತ್ರ ಸ್ಕ್ಯಾನರ್ ಇಟ್ಟವನ ಹತ್ತಿರ ಹೋಗಿ. ಸ್ಕ್ಯಾನರ್ ಹಚ್ಚದೆ ‘ಸೆನ್ಸರ್ ಹೋಗಿದೆ’ ಎಂದು ಒಂದೊಂದಾಗಿ ಬದಲಿಸುತ್ತಾ ಹೋಗುವವನ ಕೈಗೆ ಸಿಕ್ಕರೆ ಹೊಲ ಮಾರಬೇಕಾದೀತು.

ನಿಂತ ಗಾಡಿಗೂ ಖರ್ಚಿದೆ

ಅಂಗಡಿಕಾರರ ಕಾರು ಓಡುವುದು ಕಮ್ಮಿ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ. ಹಬ್ಬಕ್ಕೊಮ್ಮೆ ಊರು. ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರೂ ಆಗಿರುವುದಿಲ್ಲ. ‘ಹತ್ತು ಸಾವಿರಕ್ಕೆ ಎಣ್ಣೆ ಬದಲಿಸು ಅಂತ ಬರೆದದ, ನಮ್ಮದು ಇನ್ನೂ ಆರು ಸಾವಿರ ಆಗ್ಯದ’ ಎಂದು ಮೂರು ವರ್ಷ ಅದೇ ಎಣ್ಣೆಯಲ್ಲಿ ಓಡಿಸುವವರಿದ್ದಾರೆ. ಪುಸ್ತಕದಲ್ಲಿ ಆ ಸಾಲಿನ ಪಕ್ಕದಲ್ಲೇ ಇನ್ನೊಂದು ಮಾತಿರುತ್ತದೆ: ‘ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು.’ ಅದನ್ನು ಓದುವವರಿಲ್ಲ. ಎರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಒಳಗಿನ ತೇವ ಆರುವುದಿಲ್ಲ. ಎಣ್ಣೆ ಕೆಡುತ್ತದೆ. ದಿನಾ ಹೈದರಾಬಾದಿಗೆ ಹೋಗಿಬರುವ ಟ್ಯಾಕ್ಸಿಗಿಂತ ಗಂಜಿನಲ್ಲಿ ನಿಂತ ಕಾರಿನ ಎಣ್ಣೆ ಹೆಚ್ಚು ಕಷ್ಟಪಟ್ಟಿರುತ್ತದೆ ಎಂದರೆ ನಂಬುತ್ತೀರಾ?

ಇದೇ ಕಾರಣಕ್ಕೆ ಊರೊಳಗೇ ತಿರುಗುವವರಿಗೆ ಡೀಸೆಲ್ ಕಾರು ಬೇಡ. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಳಿಗೆ ಇದೆ. ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಆಗಾಗ ದೊಡ್ಡ ರಸ್ತೆಯಲ್ಲಿ ಹದಿನೈದಿಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಬೇಕು. ಚೌಬಾರಾ ಸುತ್ತ ಎರಡನೇ ಗೇರಿನಲ್ಲಿ ತಿರುಗಿದರೆ ಅದು ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಹುಮನಾಬಾದ ಕಡೆ ಒಂದು ಸುತ್ತು ಹಾಕಿ ಬಂದರೆ ಆ ಡೀಸೆಲ್ ಖರ್ಚು ದಂಡವಲ್ಲ.

ಗಾಂಧಿಗಂಜಿನವರಿಗೆ ಇನ್ನೊಂದು ಕಾಟ ಇದೆ. ಇಲಿ! ತೊಗರಿ, ಉದ್ದು, ಸೋಯಾ ಚೀಲ ತುಂಬಿದ ಗೋದಾಮಿನ ಪಕ್ಕ ಕಾರು ನಿಲ್ಲಿಸುತ್ತಾರೆ. ರಾತ್ರಿ ಎಂಜಿನ್ ಬೆಚ್ಚಗಿರುತ್ತದೆ. ಇಲಿಗೆ ಅದಕ್ಕಿಂತ ಒಳ್ಳೆಯ ಧರ್ಮಶಾಲೆ ಬೇಕೆ? ಬೆಳಗಾಗುವಷ್ಟರಲ್ಲಿ ವೈರು ಕಡಿದಿರುತ್ತದೆ. ಒಂದು ವೈರಾದರೆ ಎಲೆಕ್ಟ್ರಿಷಿಯನ್ ಜೋಡಿಸಿಯಾನು. ಕಟ್ಟಿನ ಕಟ್ಟೇ ಬದಲಿಸಬೇಕಾದರೆ ಸಾವಿರಗಳ ಲೆಕ್ಕ. ತಂಬಾಕಿನ ಎಲೆ ಇಡುತ್ತಾರೆ, ನುಸಿಗುಳಿಗೆ ಇಡುತ್ತಾರೆ, ಕೆಲವರು ನಿಂಬೆಹಣ್ಣನ್ನೂ ಕಟ್ಟುತ್ತಾರೆ. ನಿಂಬೆಹಣ್ಣಿಗೆ ಇಲಿ ಹೆದರಿದ್ದನ್ನು ಕಂಡವರಿಲ್ಲ. ಗಾಡಿಯಲ್ಲಿ ಶೇಂಗಾ, ಚುರುಮುರಿ ಚೆಲ್ಲದಿರುವುದು, ಗೋದಾಮಿನಿಂದ ದೂರ ನಿಲ್ಲಿಸುವುದು, ಬೆಳಗ್ಗೆ ಬಾನೆಟ್ ಎತ್ತಿ ಒಮ್ಮೆ ನೋಡುವುದು, ಇವಿಷ್ಟೇ ಖರ್ಚಿಲ್ಲದ ಉಪಾಯ. ಬಾನೆಟ್ ಎತ್ತಿದಾಗ ಹಾಗೇ ಎಣ್ಣೆ ಕಡ್ಡಿ, ಕೂಲಂಟ್ ಡಬ್ಬಿ, ಬ್ರೇಕ್ ಎಣ್ಣೆ ನೋಡಿಬಿಟ್ಟರೆ ಇಲಿಯ ಪುಣ್ಯದಿಂದ ಎಂಜಿನ್ನೂ ಉಳಿದೀತು.

ಔರಾದ ಎರೆಮಣ್ಣು

ಬೀದರ ಪಟ್ಟಣದ ಸುತ್ತ ಕೆಂಪು ಜಂಬಿಟ್ಟಿಗೆ ನೆಲ. ಮಾಂಜ್ರಾ ದಾಟಿ ಔರಾದ ಕಡೆ ಹೋದರೆ ಎರೆಮಣ್ಣು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಅಂಟು. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದರೆ ಚಕ್ರದ ಸುತ್ತ ಮುದ್ದೆ ಕಟ್ಟಿ ಗಾಡಿಯ ಹೊಟ್ಟೆಗೆ ಅಂಟಿಕೊಳ್ಳುತ್ತದೆ. ಒಣಗಿದರೆ ಕಲ್ಲು.

ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಎಕ್ಸೆಲ್ ತುದಿಗೆ ಮಡಿಕೆ ಮಡಿಕೆಯಾದ ಕರಿ ರಬ್ಬರ್ ಚೀಲ ಇರುತ್ತದೆ, ‘ಬೂಟ್’ ಎನ್ನುತ್ತಾರೆ. ಅದರೊಳಗೆ ಗ್ರೀಸು. ಚೀಲ ಹರಿದರೆ ಗ್ರೀಸು ಹೊರಗೆ, ಎರೆಮಣ್ಣು ಒಳಗೆ. ಮೊದಲು ಏನೂ ಗೊತ್ತಾಗುವುದಿಲ್ಲ. ಕೆಲ ದಿನ ಬಿಟ್ಟು ತಿರುವಿನಲ್ಲಿ ‘ಕಟ್ ಕಟ್ ಕಟ್’ ಸದ್ದು. ಆ ಸದ್ದು ಬರುವ ಹೊತ್ತಿಗೆ ಗಂಟು ತಿಂದು ಹೋಗಿರುತ್ತದೆ. ಬೂಟಿಗೆ ಆಗುವ ಖರ್ಚು ಕೆಲವು ನೂರು, ಪೂರಾ ಎಕ್ಸೆಲ್ಲಿಗೆ ಕೆಲವು ಸಾವಿರ. ಮಳೆಗಾಲ ಮುಗಿದ ಮೇಲೆ ವಾಷಿಂಗಿಗೆ ಬಿಟ್ಟಾಗ ‘ಅಣ್ಣಾ, ಬೂಟ್ ಹರಿದಾವೇನು ಜರಾ ನೋಡು’ ಎಂದು ಒಂದು ಮಾತು ಹೇಳಿದರೆ ಸಾಕು. ಗಾಡಿ ಎತ್ತರಕ್ಕೇರಿದಾಗ ಹುಡುಗನ ಕಣ್ಣಿಗೇ ಬೀಳುತ್ತದೆ.

ಮಳೆಗಾಲದ ದೊಡ್ಡ ನಷ್ಟ ಬೇರೆಯೇ. ಹಳ್ಳ, ಕೆಳಸೇತುವೆಗಳ ಮೇಲೆ ನೀರು ಹರಿಯುತ್ತಿರುವಾಗ ಧೈರ್ಯ ಮಾಡಿ ನುಗ್ಗುವುದು. ಜೀವದ ಅಪಾಯ ಎಲ್ಲರಿಗೂ ಗೊತ್ತಿದ್ದದ್ದೇ. ಗಾಡಿಯ ಮಾತು ಹೇಳುವುದಾದರೆ, ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಲೇಬಾರದು. ಗಾಳಿ ಎಳೆಯುವ ಬಾಯಿಯಿಂದ ನೀರು ಒಳಗೆ ಹೋಗಿರುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರು ಕುಗ್ಗುವುದಿಲ್ಲ. ಸೆಲ್ಫ್ ಹೊಡೆದ ಕೂಡಲೇ ಒಳಗಿನ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೂಕಿ ಹೊರತಂದು ಮಿಸ್ತ್ರಿಯನ್ನು ಕರೆಸಿದರೆ ನೀರು ತೆಗೆದು ಒಣಗಿಸಿಯಾನು. ಚಾಲೂ ಮಾಡಿದರೆ ಎಂಜಿನ್ನೇ ಹೋಗುತ್ತದೆ. ‘ಇನ್ಸೂರೆನ್ಸ್ ಅದ, ಹೆದರ್ಕಿ ಏನು?’ ಎನ್ನಬೇಡಿ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ನಿಮ್ಮ ಗಾಡಿಗೆ ನಯಾಪೈಸೆ ಇಲ್ಲ. ಪೂರ್ತಿ ಪಾಲಿಸಿ ಇದ್ದರೂ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟದವರಿಗೆ ಇಂಥ ನಷ್ಟ ಸಾಮಾನ್ಯವಾಗಿ ಸಿಗುವುದಿಲ್ಲ.

ಟ್ರ್ಯಾಕ್ಟರಿಗೆಂದು ಡ್ರಮ್ಮಿನಲ್ಲಿಟ್ಟ ಡೀಸೆಲ್ಲನ್ನೇ ಬೊಲೆರೊಗೂ ಹಾಕುವ ರೈತರಿಗೆ ಒಂದು ಮಾತು: ಡ್ರಮ್ಮಿನ ತಳದಲ್ಲಿ ನೀರಿರುತ್ತದೆ. ಹಳೆಯ ಟ್ರ್ಯಾಕ್ಟರ್ ತಡೆದೀತು, ಈಗಿನ ಡೀಸೆಲ್ ಕಾರಿನ ಇಂಜೆಕ್ಟರ್ ತಡೆಯದು.

ಹೈದರಾಬಾದಿನ ಅಗ್ಗದ ಮಾಲು

ಈ ಪುಟವನ್ನು ಬಸ್ಸಿನಲ್ಲಿ ಕೂತು ಓದುತ್ತಿರುವವರಲ್ಲಿ ಅರ್ಧಕ್ಕರ್ಧ ಮಂದಿಗೆ ಒಂದು ಹಳೆಯ ಕಾರು ಕೊಳ್ಳುವ ಆಸೆ ಇದ್ದೇ ಇದೆ. 2023ರ ಜೂನ್‌ನಿಂದ ಮನೆಯ ಹೆಣ್ಣುಮಕ್ಕಳು ಬಸ್ಸಿನಲ್ಲಿ ಪುಕ್ಕಟೆ ಹೋಗುತ್ತಾರೆ. ಯಜಮಾನರು ಸೀಟು ಸಿಗದೆ ನಿಂತುಕೊಂಡು, ‘ಒಂದು ಸೆಕೆಂಡ್ ಹ್ಯಾಂಡ್ ಆಲ್ಟೋ ತಗೊಂಡುಬಿಡ್ತೀನಿ’ ಎಂದು ಲೆಕ್ಕ ಹಾಕುತ್ತಾರೆ. ತಗೊಳ್ಳಿ, ಬೇಡ ಎನ್ನುವವರು ನಾವಾರು? ತಗೊಳ್ಳುವ ಮುಂಚೆ ಸ್ವಲ್ಪ ಕೇಳಿ.

ನಮ್ಮದು ಗಡಿ ಜಿಲ್ಲೆ. ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಮಹಾರಾಷ್ಟ್ರ. ಹೈದರಾಬಾದ್ ಸುಮಾರು 140 ಕಿಲೋಮೀಟರ್. ಅಲ್ಲಿ ಕಾರು ಅಗ್ಗ. ಉದಗೀರ ಕಡೆಯಿಂದಲೂ ಬರುತ್ತವೆ. ಕೆಎ-38 ಬೀದರ, ಕೆಎ-39 ಭಾಲ್ಕಿ. ಇವೆರಡರ ನಡುವೆ ಹೊರರಾಜ್ಯದ ನಂಬರಿನ ಗಾಡಿಗಳು ಎಷ್ಟು ತಿರುಗುತ್ತವೆ ಎಂದು ಬಸ್ಸಿನ ಕಿಟಕಿಯಿಂದ ಎಣಿಸಿ ನೋಡಿ, ಹೊತ್ತು ಹೋಗುತ್ತದೆ.

ಅಗ್ಗ ಎಂದು ತಂದವರು ಮರೆಯುವುದೇನೆಂದರೆ, ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ಮಾಡಿಸಬೇಕು, ಇಲ್ಲಿಯ ಜೀವಾವಧಿ ತೆರಿಗೆ ಕಟ್ಟಬೇಕು. ಅದಕ್ಕೆ ಅಲ್ಲಿಯ ಆರ್‌ಟಿಓ ಆಫೀಸಿನ ಎನ್‌ಓಸಿ ಬೇಕು. ಗಾಡಿಯ ಮೇಲೆ ಸಾಲ ಬಾಕಿ ಇದ್ದರೆ ಎನ್‌ಓಸಿ ಸಿಗುವುದಿಲ್ಲ. ದಲ್ಲಾಳಿ ‘ಎನ್‌ಓಸಿ ಮುಂದಿನ ವಾರ ಕೊಡಿಸ್ತೀನಿ ಭಾಯ್’ ಎಂದರೆ ರೊಕ್ಕವನ್ನೂ ಮುಂದಿನ ವಾರವೇ ಕೊಡಿ. ಗಾಡಿ ನಂಬರ್ ಹಾಕಿದರೆ ವಿಮೆ, ಸಾಲ, ನೋಂದಣಿ ತಾರೀಖು ಸರ್ಕಾರದ ಪರಿವಾಹನ ಆ್ಯಪಿನಲ್ಲೇ ಕಾಣುತ್ತದೆ. ಮನೆಯಲ್ಲಿ ಮಕ್ಕಳಿಗೆ ಹೇಳಿದರೆ ಎರಡು ನಿಮಿಷದ ಕೆಲಸ.

ದಿಲ್ಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಆಮೇಲೆ ಅಲ್ಲಿಯ ಹಳೆಯ ಡೀಸೆಲ್ ಗಾಡಿಗಳು ಅಗ್ಗದ ದರಕ್ಕೆ ದೇಶದ ಮೂಲೆ ಮೂಲೆಗೆ ಹೊರಟವು. ಒಳ್ಳೆಯವೂ ಇವೆ. ಆದರೆ ಅಗ್ಗ ಯಾಕೆ ಎಂಬುದನ್ನು ಕೇಳಿ ತಿಳಿದುಕೊಂಡೇ ಕೊಳ್ಳಬೇಕು.

ಎಲ್ಲಕ್ಕಿಂತ ಕೆಟ್ಟದ್ದು ನೀರು ಕುಡಿದ ಗಾಡಿ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಮಹಾಮಳೆ ಸುರಿದು ಬಡಾವಣೆಗಳೇ ಮುಳುಗಿದವು, ಕಾರುಗಳು ತೇಲಿದವು. ಇಂಥ ಗಾಡಿಗಳನ್ನು ಒರೆಸಿ, ಪಾಲಿಷ್ ಮಾಡಿ, ಅತ್ತರು ಹೊಡೆದು ಮಾರುತ್ತಾರೆ. ಆರು ತಿಂಗಳು ಓಡುತ್ತವೆ. ಆಮೇಲೆ ಒಂದೊಂದೇ ದೀಪ, ಒಂದೊಂದೇ ಸ್ವಿಚ್ಚು, ಕೊನೆಗೆ ಕಂಪ್ಯೂಟರು. ಪತ್ತೆ ಮಾಡುವುದು ಹೀಗೆ: ಸೀಟ್ ಬೆಲ್ಟನ್ನು ಕಡೆಯ ತನಕ ಎಳೆಯಿರಿ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಗಾಡಿ ಮುಳುಗಿತ್ತು ಎಂದೇ ಅರ್ಥ. ನೆಲದ ಮ್ಯಾಟ್ ಎತ್ತಿ ಮೂಸಿ. ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ತೀರಾ ಘಮಘಮಿಸುವ ಹಳೆಯ ಕಾರನ್ನು ನಂಬಬೇಡಿ.

ಎಂಜಿನ್ ನೋಡಲು ಬೆಳಗ್ಗೆಯೇ ಹೋಗಿ. ನೀವು ಬರುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ. ತಣ್ಣಗಿದ್ದಾಗ ಎಣ್ಣೆ ಮುಚ್ಚಳ ತೆಗೆದು ನೋಡಿ. ಒಳಗೆ ಬೆಣ್ಣೆಯಂಥ ಬಿಳಿ ಅಂಟಿದ್ದರೆ ಅನುಮಾನಪಡಿ. ಚಾಲೂ ಮಾಡಿಸಿ ಹಿಂದೆ ನಿಲ್ಲಿ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಸುಡುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಬಂದರೆ ನೀರು ಒಳಗೆ ಹೋಗುತ್ತಿದೆ. ಮೊದಲಿಗೆ ಒಂದಿಷ್ಟು ಬಿಳಿ ಹಬೆ ಬಂದರೆ ಹೆದರಬೇಕಿಲ್ಲ, ಚಳಿಗಾಲದಲ್ಲಿ ಅದು ಮಾಮೂಲು.

ಟೈರಿನ ವಯಸ್ಸು ಟೈರಿನ ಮೇಲೇ ಬರೆದಿದೆ. ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದ್ದು. ಗೀರು ಚೆನ್ನಾಗಿ ಕಂಡರೂ ತೀರಾ ಹಳೆಯ ರಬ್ಬರು ನಮ್ಮ ಬಿಸಿಲಿಗೆ ಒಡೆಯುತ್ತದೆ. ಗೀರಿನ ಆಳ 1.6 ಮಿಲಿಮೀಟರಿಗಿಂತ ಕಮ್ಮಿಯಾದರೆ ಕಾನೂನಿಗೂ ವಿರುದ್ಧ.

ಆಮೇಲೆ ಟೈಮಿಂಗ್ ಬೆಲ್ಟು. ಹಳೆಯ ಆಲ್ಟೋ, ಹಳೆಯ ಸ್ಯಾಂಟ್ರೋ, ಡೀಸೆಲ್ ಇಂಡಿಕಾ, ಇವೆಲ್ಲ ರಬ್ಬರ್ ಬೆಲ್ಟಿನ ಎಂಜಿನ್‌ಗಳು. ಇಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಕಂಪನಿಯ ಪುಸ್ತಕದಲ್ಲಿದೆ. ಈ ಬೆಲ್ಟ್ ಮುನ್ಸೂಚನೆ ಕೊಡುವುದಿಲ್ಲ. ಒಂದು ದಿನ ಪಟ್ ಎಂದು ಹರಿಯುತ್ತದೆ. ಹಲವು ಎಂಜಿನ್‌ಗಳಲ್ಲಿ ಆಗ ವಾಲ್ವು, ಪಿಸ್ಟನ್ ಒಂದಕ್ಕೊಂದು ಗುದ್ದುತ್ತವೆ. ಹಳೆಯ ಗಾಡಿ ಕೊಳ್ಳುವಾಗ ‘ಬೆಲ್ಟ್ ಯಾವಾಗ ಹಾಕಿಸೀರಿ, ಬಿಲ್ಲು ಅದೇನು?’ ಎಂದು ಕೇಳಿ. ಬಿಲ್ಲಿಲ್ಲ ಎಂದರೆ ಹಾಕಿಸಿಲ್ಲ ಎಂದೇ ತಿಳಿದು, ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಪೆಟ್ರೋಲಿನ ಮಾತೂ ಬರುತ್ತದೆ. 2025ರ ಹೊತ್ತಿಗೆ ಪಂಪಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬಂತು. ಎಥೆನಾಲಿಗೆ ಕಬ್ಬೂ ಬೇಕು. ಭಾಲ್ಕಿಯವರ ಹೊಲದ ಬೆಳೆ ಭಾಲ್ಕಿಯವರ ಟ್ಯಾಂಕಿಗೇ ಬಂದರೆ ಸಂತೋಷವೇ. ಮೈಲೇಜು ಒಂದಿಷ್ಟು ಇಳಿಯುತ್ತದೆ. ಕೆಲವು ಹಳೆಯ ಗಾಡಿಗಳಲ್ಲಿ 20–30 ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಕೇಂದ್ರದ ಪೆಟ್ರೋಲಿಯಂ ಇಲಾಖೆಯೇ 2025ರಲ್ಲಿ ಹೇಳಿದೆ. ಗಾಡಿಯೊಳಗೆ ಪೆಟ್ರೋಲ್ ವಾಸನೆ ಬಂದರೆ ನಾಳೆ ನೋಡೋಣ ಎನ್ನಬೇಡಿ. ಪೈಪು ಅಗ್ಗ, ಬೆಂಕಿ ತುಟ್ಟಿ.

ಕಾಗದ ಪತ್ರ

15 ವರ್ಷ ತುಂಬಿದ ಕಾರಿನ ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ಮಾಡಿಸಬೇಕು. ಅದರ ಫೀಸು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 10,000ಕ್ಕೆ ಏರಿಸಿದರು. ಅದರ ಮೇಲೆ ಹಸಿರು ತೆರಿಗೆ. 14 ವರ್ಷದ ಕಾರು 60 ಸಾವಿರಕ್ಕೆ ಸಿಕ್ಕಿತು ಎಂದು ಪೇಡೆ ಹಂಚುವವರು ಇದನ್ನೂ ಕೂಡಿಸಿಕೊಳ್ಳಲಿ.

ಮಾರುವವರಿಗೂ ಹುಷಾರಿ ಬೇಕು. ಪರಿಚಯದವರೆಂದು ಸ್ಟಾಂಪ್ ಪೇಪರ್ ಮೇಲೆ ಬರೆದುಕೊಟ್ಟು, ಚಾವಿ ಕೊಟ್ಟು, ಕೈ ತೊಳೆದುಕೊಳ್ಳುತ್ತಾರೆ. ಕೊಂಡವನು 30 ದಿನದೊಳಗೆ ಹೆಸರು ಬದಲಾಯಿಸಬೇಕು, ಬದಲಾಯಿಸುವುದಿಲ್ಲ. ಎರಡು ವರ್ಷ ಬಿಟ್ಟು ಆ ಗಾಡಿ ಎಲ್ಲೋ ಯಾರಿಗೋ ಗುದ್ದುತ್ತದೆ. ನೋಟೀಸು ಬರುವುದು ಯಾರಿಗೆ? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರಿಗೆ. ಆರ್‌ಟಿಓ ದಾಖಲೆಯಲ್ಲಿ ಹೆಸರಿದ್ದವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೆಸರು ಬದಲಾದ ಆರ್‌ಸಿಯನ್ನು ಕಣ್ಣಾರೆ ಕಾಣುವ ತನಕ ಗಾಡಿ ಮಾರಿದೆ ಎನ್ನಬೇಡಿ.

ಕೊನೆಗೆ ಗ್ಯಾರೇಜಿನ ಬಿಲ್ಲು. ಕೆಲಸ ಶುರುವಾಗುವ ಮುಂಚೆಯೇ ಎಷ್ಟಾಗಬಹುದು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅದಕ್ಕಿಂತ ಹೆಚ್ಚಾದರೆ ಫೋನ್ ಮಾಡಿ ಕೇಳಬೇಕು ಎಂದು ಹೇಳಿ. ಬದಲಿಸಿದ ಹಳೆಯ ಸಾಮಾನನ್ನು ಕೈಯಲ್ಲಿ ಹಿಡಿದು ತನ್ನಿ. ಒಳ್ಳೆಯ ಉಸ್ತಾದ್ ಬೇಜಾರಾಗುವುದಿಲ್ಲ, ತಾನೇ ತೋರಿಸುತ್ತಾನೆ. ‘ಹಳೇದು ಕಸದಾಗ ಹೋಯ್ತು’ ಎಂದವನ ಹತ್ತಿರ ಎರಡನೇ ಸಲ ಹೋಗುವ ಅವಶ್ಯಕತೆ ಇಲ್ಲ. ಎಂಜಿನ್ ಎಣ್ಣೆಯ ಡಬ್ಬಿ ನಿಮ್ಮೆದುರೇ ಒಡೆಯಲಿ. ಖಾಲಿ ಡಬ್ಬಿಯನ್ನು ಕತ್ತರಿಸಿ ಎಸೆಯಿರಿ, ಇಲ್ಲದಿದ್ದರೆ ನಾಳೆ ಅದೇ ಡಬ್ಬಿಯಲ್ಲಿ ಬೇರೆ ಎಣ್ಣೆ ಬಂದು ಕೂತೀತು.

ಹಾಕದ ಸಾಮಾನಿಗೆ ರೊಕ್ಕ ತೆಗೆದುಕೊಂಡರೆ, ಕೆಲಸ ಕೆಡಿಸಿ ಕೈಯೆತ್ತಿದರೆ, ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ ಇದೆ. ಘಟನೆ ನಡೆದು ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಫೀಸಿಲ್ಲ. ವಕೀಲರನ್ನು ಇಡಲೇಬೇಕೆಂದೂ ಇಲ್ಲ. ದೂರಿನ ಜೊತೆ ಹಚ್ಚಲು ಬಿಲ್ಲು ಮಾತ್ರ ಬೇಕು. ‘ಬಿಲ್ಲು ಬ್ಯಾಡ, ಐದು ನೂರು ಕಮ್ಮಿ ಮಾಡು’ ಎಂದು ಚೌಕಾಸಿ ಮಾಡಿ ಬಂದವರ ಕೈಯಲ್ಲಿ ಏನಿರುತ್ತದೆ, ಹೇಳಿ?